ರಾಂಗ್ ಸೈಡಲ್ಲಿ ಬಂದಿದ್ದು ನಾನಲ್ಲ ಸಾರ್! ಇಂಗ್ಲಿಷ್ ವಾಕ್ಯದಲ್ಲಿ ನೇತಾಡೋ ಪದಗಳ ಕಥೆ

(ಪಾಡ್‌ಕಾಸ್ಟ್‌ನ ಲಿಖಿತ ರೂಪ. ಇಂಗ್ಲಿಷ್ ಉದಾಹರಣೆಗಳನ್ನು ಕಿವಿಗೆ ಕೇಳಿಸುವ ಹಾಗೆಯೇ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇವೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ನೇತಾಡ್ತಿರೋರು, ಪಾತ್ರೆ ತೊಳೀತಾ ಕೇಳ್ತಿರೋರು, ನಿದ್ದೆ ಬರಲಿ ಅಂತ ಹಾಕ್ಕೊಂಡಿರೋರು, ಎಲ್ಲರಿಗೂ ಸ್ವಾಗತ. ಇವತ್ತು ಇಂಗ್ಲಿಷ್ ಗ್ರಾಮರ್ ಬಗ್ಗೆ ಮಾತಾಡೋಣ ಅಂದ ತಕ್ಷಣ ನಿಮ್ಮಲ್ಲಿ ಅರ್ಧ ಜನ ನೆಕ್ಸ್ಟ್ ಬಟನ್ ಹುಡುಕ್ತೀರ ಅಂತ ಗೊತ್ತು. ಒಂದೆರಡು ನಿಮಿಷ ತಡೀರಿ. ಮೊದಲು ಒಂದು ಆ್ಯಕ್ಸಿಡೆಂಟ್ ಕಥೆ ಹೇಳ್ತೀನಿ.

ಕೆಲವು ವರ್ಷದ ಹಿಂದಿನ ಮಾತು. ನಾನು ಬೈಕಲ್ಲಿ ಮನೆಗೆ ಬರ್ತಿದ್ದೆ, ಸಂಜೆ ಹೊತ್ತು. ಒಂದು ತಿರುವಲ್ಲಿ ಎದುರುಗಡೆಯಿಂದ ಒಂದು ಗೂಡ್ಸ್ ಆಟೋ ರಾಂಗ್ ಸೈಡಲ್ಲಿ ಬಂದು ನನ್ನ ಬೈಕಿಗೆ ಗುದ್ದಿತು. ಎಡಗೈ ಮಣಿಕಟ್ಟು ಊದಿಕೊಳ್ತು, ಬೈಕಿನ ಮುಂದಿನ ಫೋರ್ಕ್ ಬಾಗಿ ಹೋಯ್ತು. ಜೀವಕ್ಕೇನೂ ಆಗಲಿಲ್ಲ, ಬಿಡಿ. ಎರಡು ದಿನ ಆದ್ಮೇಲೆ ಇನ್ಶೂರೆನ್ಸ್ ಕ್ಲೇಮ್ ಫಾರ್ಮ್ ತುಂಬಿಸೋಕೆ ಕೂತೆ. ಅದರಲ್ಲಿ ಒಂದು ಖಾಲಿ ಜಾಗ ಇರುತ್ತಲ್ಲ, ಅಪಘಾತ ಹೇಗಾಯ್ತು ವಿವರಿಸಿ ಅಂತ, ಅಲ್ಲಿ ನಾನು ನನಗೆ ಬರೋ ಅತ್ಯುತ್ತಮ ಇಂಗ್ಲಿಷಲ್ಲಿ ಬರೆದೆ: "ಕಮಿಂಗ್ ರ‍್ಯಾಶ್‌ಲಿ ಆನ್ ದ ರಾಂಗ್ ಸೈಡ್, ಐ ವಾಸ್ ಹಿಟ್ ಬೈ ಎ ಗೂಡ್ಸ್ ಆಟೋ."

ಬರೆದು ಇನ್ನೊಂದ್ಸಲ ಓದಿದೆ. ಸ್ಪೆಲಿಂಗ್ ಸರಿ, ಪಾಸ್ಟ್ ಟೆನ್ಸ್ ಸರಿ, ಪ್ಯಾಸಿವ್ ವಾಯ್ಸ್ ಬೇರೆ ಹಾಕಿದ್ದೀನಿ, ಗತ್ತಾಗಿದೆ. ಕಳಿಸಿಬಿಟ್ಟೆ.

ಒಂದು ವಾರಕ್ಕೆ ಫೋನ್ ಬಂತು. ಆ ಕಡೆಯವರು ತುಂಬಾ ಸಭ್ಯವಾಗಿಯೇ ಕೇಳಿದ್ರು: "ಸಾರ್, ನೀವು ರಾಂಗ್ ಸೈಡಲ್ಲಿ ರ‍್ಯಾಶ್ ಆಗಿ ಬರ್ತಿದ್ರಿ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ?"

ನಾನು ಕೂಗಾಡಿದೆ. ಹಾಗೆ ಎಲ್ಲಿ ಬರೆದಿದ್ದೀನಿ ತೋರಿಸಿ ಅಂದೆ. ಅವರು ನನ್ನ ವಾಕ್ಯಾನೇ ನನಗೆ ಓದಿ ಹೇಳಿದ್ರು. ಫೋನಲ್ಲಿ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಹೊಟ್ಟೆ ಧಸಕ್ ಅಂತು. ನಿಜ, ಹಾಗೇ ಬರೆದಿದ್ದೆ. ನನ್ನ ತಲೇಲಿ ರಾಂಗ್ ಸೈಡಲ್ಲಿ ಬಂದಿದ್ದು ಆಟೋ. ಕಾಗದದ ಮೇಲೆ ಬಂದಿದ್ದು ನಾನು.

ಆ ಕ್ಲೇಮ್ ಏನಾಯ್ತು ಅಂತ ಆಮೇಲೆ ಹೇಳ್ತೀನಿ. ಮೊದಲು, ಆ ವಾಕ್ಯದಲ್ಲಿ ಎಡವಿದ್ದು ಎಲ್ಲಿ ಅಂತ ನೋಡೋಣ.

ಇಂಗ್ಲಿಷಲ್ಲಿ ಒಂದು ಪದಕ್ಕೆ ಬಣ್ಣ ಕಟ್ಟೋ, ವಿವರ ಕೊಡೋ ಮಾತಿಗೆ ಮಾಡಿಫೈಯರ್ ಅಂತಾರೆ. ನಮ್ಮ ಶಾಲೆಯ ಭಾಷೇಲಿ ವಿಶೇಷಣ, ಕ್ರಿಯಾವಿಶೇಷಣ ಅಂತ ಓದಿದ್ದೀವಲ್ಲ, ಅವೆಲ್ಲ ಇದೇ ಸಂಸಾರ. ಒಂದೇ ಪದ ಆಗಿರಬಹುದು, ಐದಾರು ಪದದ ಬಾಲವೂ ಆಗಿರಬಹುದು. "ಕಮಿಂಗ್ ರ‍್ಯಾಶ್‌ಲಿ ಆನ್ ದ ರಾಂಗ್ ಸೈಡ್" ಅನ್ನೋದು ಅಂಥ ಒಂದು ಬಾಲ. ಯಾರು ಬರ್ತಿದ್ರು ಅಂತ ಅದು ತಾನಾಗಿ ಹೇಳಲ್ಲ. ಅದಕ್ಕೊಬ್ಬ ಯಜಮಾನ ಬೇಕು. ಇಂಗ್ಲಿಷಿನ ಒಪ್ಪಂದ ಏನಂದ್ರೆ, ವಾಕ್ಯದ ಶುರುವಲ್ಲಿ ಇಂಥ ಬಾಲ ಬಂದರೆ, ಕಾಮಾ ಆದ್ಮೇಲೆ ಬರೋ ಕರ್ತೃ ಯಾರೋ ಅವರೇ ಯಜಮಾನರು. ನನ್ನ ವಾಕ್ಯದಲ್ಲಿ ಕಾಮಾ ಆದ್ಮೇಲೆ ಬಂದಿದ್ದು "ಐ". ಹೋಯ್ತು, ಕೇಸ್ ನನ್ನ ತಲೆ ಮೇಲೆ.

ತಮಾಷೆ ಏನಂದ್ರೆ, ಪ್ಯಾಸಿವ್ ಹಾಕದೆ ಸೀದಾ ಬರೆದಿದ್ದರೆ ಸರಿಯಾಗೇ ಇರ್ತಿತ್ತು: "ಕಮಿಂಗ್ ರ‍್ಯಾಶ್‌ಲಿ ಆನ್ ದ ರಾಂಗ್ ಸೈಡ್, ಎ ಗೂಡ್ಸ್ ಆಟೋ ಹಿಟ್ ಮಿ." ಈಗ ಕಾಮಾ ದಾಟಿದ ತಕ್ಷಣ ಸಿಗೋದು ಆಟೋ. ಫಾರ್ಮಲ್ ಆಗಿ ಕಾಣಲಿ ಅಂತ ವಾಕ್ಯವನ್ನ ಉಲ್ಟಾ ಮಾಡಿದೆ, ಆಟೋ ಹಿಂದಕ್ಕೆ ಹೋಯ್ತು, ನಾನು ಮುಂದಕ್ಕೆ ಬಂದೆ, ತಪ್ಪೂ ನನ್ನ ಕಡೆಗೆ ಬಂತು. ಇಂಗ್ಲಿಷ್ ಪತ್ರ ಅಂದ್ರೆ ಪ್ಯಾಸಿವ್ ವಾಯ್ಸ್ ಅನ್ನೋ ನಂಬಿಕೆ ನಮಗೆ ಎಲ್ಲಿಂದ ಅಂಟಿಕೊಳ್ತೋ ಗೊತ್ತಿಲ್ಲ. ಕನ್ನಡದಲ್ಲಿ ನಾವು ಯಾರಾದ್ರೂ "ಊಟವು ನನ್ನಿಂದ ಮಾಡಲ್ಪಟ್ಟಿತು" ಅಂತೀವಾ?

ಯಜಮಾನ ವಾಕ್ಯದಲ್ಲಿ ಇದ್ದು ಬಾಲ ತಪ್ಪು ಜಾಗದಲ್ಲಿ ಕೂತಿದ್ದರೆ ಅದು ಮಿಸ್‌ಪ್ಲೇಸ್ಡ್. ಯಜಮಾನ ವಾಕ್ಯದಲ್ಲೇ ಇಲ್ಲದೆ ಬಾಲ ಗಾಳೀಲಿ ತೂಗಾಡ್ತಿದ್ರೆ ಅದು ಡ್ಯಾಂಗ್ಲಿಂಗ್. ಈ ಹೆಸರುಗಳಿಗೆ ತಲೆ ಕೆಡಿಸ್ಕೋಬೇಡಿ. ನನ್ನ ವಾಕ್ಯವನ್ನ ಯಾವ ಡಬ್ಬಿಗೆ ಹಾಕಬೇಕು ಅಂತ ಮೇಷ್ಟ್ರುಗಳು ಜಗಳ ಆಡಲಿ, ಫೋರ್ಕ್ ರಿಪೇರಿ ದುಡ್ಡು ಅದರಿಂದ ಬರಲ್ಲ.

ಈಗ ಮುಖ್ಯವಾದ ಪ್ರಶ್ನೆ. ಈ ತಪ್ಪು ನಮಗೆ ಬರೆಯೋವಾಗ ಯಾಕೆ ಕಾಣಿಸಲ್ಲ?

ಒಂದು ಕಾರಣ, ಕನ್ನಡದಲ್ಲಿ ಪದಗಳ ಬೆನ್ನಿಗೇ ವಿಳಾಸ ಅಂಟಿಕೊಂಡಿರುತ್ತೆ. "ನಾನು ನಾಯಿಗೆ ಬಿಸ್ಕೆಟ್ ಹಾಕಿದೆ" ಅನ್ನಿ, "ಬಿಸ್ಕೆಟ್ ಹಾಕಿದೆ ನಾನು ನಾಯಿಗೆ" ಅನ್ನಿ, ಅರ್ಥ ಕೆಡಲ್ಲ. ನಾಯಿಯ ಬೆನ್ನಲ್ಲಿ "ಗೆ" ಇದೆ, "ಹಾಕಿದೆ" ಅನ್ನೋದರ ಕೊನೇಲಿ ನಾನು ಇದ್ದೀನಿ. ಪದ ಎಲ್ಲಿಗೆ ಎಸೆದರೂ ವಾಪಸ್ ಮನೆಗೆ ಬರುತ್ತೆ. ಇಂಗ್ಲಿಷಲ್ಲಿ ಆ ವಿಭಕ್ತಿಗಳು ಹೆಚ್ಚುಕಡಿಮೆ ಉದುರಿಹೋಗಿವೆ. ಆ ಕೆಲಸವನ್ನೆಲ್ಲ ಅಲ್ಲಿ ಜಾಗ ಮಾಡುತ್ತೆ. ಯಾರ ಪಕ್ಕ ಕೂತಿದ್ದೀಯೋ ಅವರ ಮನೆಯವನು ನೀನು.

ಎರಡನೇ ಕಾರಣ ಇದಕ್ಕಿಂತ ಮಜಾ ಇದೆ, ಇಲ್ಲಿ ಸ್ವಲ್ಪ ಹೊತ್ತು ಕೂರೋಣ. ಈ ವಾಕ್ಯ ಕೇಳಿ: "ವಾಕಿಂಗ್ ಟು ದ ಬಸ್ ಸ್ಟಾಪ್, ದ ರೇನ್ ಸ್ಟಾರ್ಟೆಡ್." ನಡ್ಕೊಂಡು ಹೋಗ್ತಿದ್ದಿದ್ದು ಮಳೆ ಅಂತಾಯ್ತು. ಆದ್ರೆ ಬರೆದವರ ತಲೇಲಿ ಓಡ್ತಿದ್ದ ಕನ್ನಡ ಏನು? "ಬಸ್ ಸ್ಟಾಪಿಗೆ ನಡ್ಕೊಂಡು ಹೋಗುವಾಗ ಮಳೆ ಶುರುವಾಯ್ತು." ಇದರಲ್ಲಿ ಒಂದು ಚೂರೂ ತಪ್ಪಿಲ್ಲ, ಯಾಕಂದ್ರೆ "ಹೋಗುವಾಗ" ಅಂದಾಗ ಹೋಗೋರು ಒಬ್ಬರು, ಶುರುವಾಗೋದು ಇನ್ನೊಂದು ಆಗಬಹುದು. ಈಗ "ಹೋಗುವಾಗ" ತೆಗೆದು "ಹೋಗುತ್ತಾ" ಹಾಕಿ. "ಬಸ್ ಸ್ಟಾಪಿಗೆ ನಡ್ಕೊಂಡು ಹೋಗುತ್ತಾ ಮಳೆ ಶುರುವಾಯ್ತು." ಕಿವಿಗೆ ಕಲ್ಲು ಸಿಕ್ಕ ಹಾಗಾಯ್ತಾ? "ಹೋಗುತ್ತಾ" ಅಂದ್ರೆ ಹೋಗೋರೇ ಮುಂದಿನ ಕೆಲಸಾನೂ ಮಾಡಬೇಕು: "ಹೋಗುತ್ತಾ ನಾನು ನೆನೆದೆ."

ನೋಡಿ, ನಿಯಮ ನಿಮಗೆ ಆಗಲೇ ಗೊತ್ತಿದೆ! ಯಾವ ಟ್ಯೂಷನ್ನೂ ಬೇಕಿಲ್ಲ. ಇಂಗ್ಲಿಷಿನ ಐಎನ್‌ಜಿ ಬಾಲ ನಮ್ಮ "ಉತ್ತಾ" ಥರ, "ವಾಗ" ಥರ ಅಲ್ಲ. ನಾವು ಅದನ್ನ ಎರಡಕ್ಕೂ ಬಳಸಿಬಿಡ್ತೀವಿ, ಅಲ್ಲೇ ಎಡವೋದು. ಹಾಗೇ "ಹ್ಯಾವಿಂಗ್" ಅಂತ ಶುರುವಾಗೋ ವಾಕ್ಯ. "ಹ್ಯಾವಿಂಗ್ ಫಿನಿಶ್ಡ್ ಲಂಚ್, ದ ಬಸ್ ಕೇಮ್." ಅದನ್ನ "ಊಟ ಮಾಡಿದ ಮೇಲೆ ಬಸ್ ಬಂತು" ಅಂತ ಯೋಚಿಸಿದ್ರೆ ಸರಿ ಅನ್ಸುತ್ತೆ. "ಊಟ ಮಾಡಿ ಬಸ್ ಬಂತು" ಅಂತ ಹೇಳಿ ನೋಡಿ, ಊಟ ಮಾಡಿದ್ದು ಬಸ್ಸು. "ಹ್ಯಾವಿಂಗ್ ಫಿನಿಶ್ಡ್" ಅಂದ್ರೆ "ಮಾಡಿ", "ಮಾಡಿದ ಮೇಲೆ" ಅಲ್ಲ.

ಹಾಗಾಗಿ ನಾನು ಮಾಡೋದು ಇಷ್ಟೇ. ಐಎನ್‌ಜಿ ಬಾಲದಿಂದ ವಾಕ್ಯ ಶುರು ಮಾಡಿದಾಗೆಲ್ಲ ಮನಸ್ಸಲ್ಲೇ ಅದನ್ನ "ಉತ್ತಾ" ಅಥವಾ "ಮಾಡಿ, ಬಂದು, ನೋಡಿ" ಅನ್ನೋ ರೂಪಕ್ಕೆ ತಂದು ಓದ್ತೀನಿ. ಕನ್ನಡ ಒದ್ದಾಡಿದ್ರೆ ಇಂಗ್ಲಿಷೂ ತಪ್ಪಿದೆ ಅಂತ ಅರ್ಥ. ಆಗ ರಿಪೇರಿಗೆ ಎರಡು ದಾರಿ. ಕಾಮಾ ಆದ್ಮೇಲೆ ಸರಿಯಾದ ಯಜಮಾನನನ್ನ ಕೂರಿಸೋದು: "ವಾಕಿಂಗ್ ಟು ದ ಬಸ್ ಸ್ಟಾಪ್, ಐ ಗಾಟ್ ಕಾಟ್ ಇನ್ ದ ರೇನ್." ಇಲ್ಲಾಂದ್ರೆ ಬಾಲಕ್ಕೇ ಒಬ್ಬ ಯಜಮಾನನನ್ನ ಕೊಟ್ಟುಬಿಡೋದು: "ವೈಲ್ ಐ ವಾಸ್ ವಾಕಿಂಗ್ ಟು ದ ಬಸ್ ಸ್ಟಾಪ್, ದ ರೇನ್ ಸ್ಟಾರ್ಟೆಡ್." ಎರಡನೇದು ಸ್ವಲ್ಪ ಉದ್ದ, ಆದ್ರೆ ಯಾವತ್ತೂ ಕೈ ಕೊಡಲ್ಲ. ನನಗಂತೂ ಅದೇ ಇಷ್ಟ.

ಈ ಟ್ರಿಕ್ಕಲ್ಲಿ ಎರಡು ತೂತಿದೆ, ಈಗಲೇ ಹೇಳಿಬಿಡ್ತೀನಿ, ಆಮೇಲೆ ವಾಯ್ಸ್ ನೋಟಲ್ಲಿ ಬೈಬೇಡಿ. ಒಂದು, "ಮಳೆ ಬಂದು ಕೆರೆ ತುಂಬಿತು" ಅಂತ ನಾವು ಆರಾಮಾಗಿ ಹೇಳ್ತೀವಿ. ಬಂದಿದ್ದು ಮಳೆ, ತುಂಬಿದ್ದು ಕೆರೆ. ಒಂದರಿಂದ ಇನ್ನೊಂದು ಆದಾಗ ಕನ್ನಡ ಇಷ್ಟು ಸಡಿಲ ಬಿಡುತ್ತೆ, ಇಂಗ್ಲಿಷ್ ಬಿಡಲ್ಲ. ಇನ್ನೊಂದು ಬಹಳ ಅಪಾಯದ್ದು. "ದಿನಪೂರ್ತಿ ಚೇರಲ್ಲಿ ಕೂತು ನನಗೆ ಬೆನ್ನುನೋವು ಬಂತು." ಎಷ್ಟು ಸಹಜವಾಗಿದೆ! ಇದನ್ನ ಹಾಗೇ ಎತ್ತಿ ಇಂಗ್ಲಿಷಿಗೆ ಹಾಕಿದ್ರೆ, "ಸಿಟ್ಟಿಂಗ್ ಇನ್ ದ ಚೇರ್ ಆಲ್ ಡೇ, ಮೈ ಬ್ಯಾಕ್ ಸ್ಟಾರ್ಟೆಡ್ ಪೇನಿಂಗ್." ಕೂತಿದ್ದು ಬೆನ್ನು ಮಾತ್ರ, ಉಳಿದ ದೇಹ ಕ್ಯಾಂಟೀನಿಗೆ ಹೋಗಿತ್ತು. ಕನ್ನಡದಲ್ಲಿ "ನಾನು" ಅನ್ನೋನು "ನನಗೆ" ಒಳಗೆ ಅಡಗಿ ಕೂತಿರ್ತಾನೆ. ನನಗೆ ಹಸಿವಾಯ್ತು, ನನಗೆ ಸಿಟ್ಟು ಬಂತು, ನನಗೆ ನೆನಪಾಯ್ತು. ಇಂಗ್ಲಿಷಲ್ಲಿ ಅವನನ್ನ ಹೊರಗೆ ಎಳೆದು ಎಲ್ಲರ ಮುಂದೆ ನಿಲ್ಲಿಸಬೇಕು: "ಸಿಟ್ಟಿಂಗ್ ಇನ್ ದ ಚೇರ್ ಆಲ್ ಡೇ, ಐ ಗಾಟ್ ಎ ಬ್ಯಾಕೇಕ್." ಹಾಗಾಗಿ ನಿಮ್ಮ ತಲೆಯೊಳಗಿನ ಕನ್ನಡದಲ್ಲಿ "ನನಗೆ" ಕೇಳಿಸಿದ್ರೆ, ಕಾಮಾ ಆದ್ಮೇಲೆ "ಐ" ಇದೆಯಾ ಅಂತ ಒಂದ್ಸಲ ನೋಡಿ.

ರಜಾ ಅರ್ಜಿಗೆ ಬರೋಣ. ಶಾಲೇಲಿ ಉರು ಹೊಡೆದ ಲೀವ್ ಲೆಟರ್ ನೆನಪಿದೆಯಾ? "ಆ್ಯಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್, ಐ ಆಮ್ ಅನೇಬಲ್ ಟು ಅಟೆಂಡ್ ದ ಕ್ಲಾಸ್." ಎಷ್ಟೇ ಹಳಸಲು ಅನ್ನಿ, ಗ್ರಾಮರ್ ಲೆಕ್ಕದಲ್ಲಿ ಅದು ಗಟ್ಟಿ. ಬಾಲಕ್ಕೆ ಅದರದ್ದೇ "ಐ" ಇದೆ. ಈಗ ನಾವು ಸ್ಮಾರ್ಟಾಗಿ ಮೊಬೈಲಲ್ಲಿ ಟೈಪ್ ಮಾಡ್ತೀವಿ: "ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಯೆಸ್ಟರ್ಡೇ, ಕೈಂಡ್‌ಲಿ ಗ್ರಾಂಟ್ ಮಿ ಲೀವ್." ಗ್ರಾಂಟ್ ಮಾಡಬೇಕಾದ್ದು ಯಾರು? ಮ್ಯಾನೇಜರ್. ಹಾಗಾದ್ರೆ ನಿನ್ನೆಯಿಂದ ಜ್ವರ ಇರೋದು ಯಾರಿಗೆ? ಪಾಪ, ಅವರಿಗೇ. ಇದರ ಅಣ್ಣ ಇನ್ನೊಬ್ಬ ಇದ್ದಾನೆ: "ಬೀಯಿಂಗ್ ಎ ಸಂಡೇ, ದ ಬ್ಯಾಂಕ್ ವಾಸ್ ಕ್ಲೋಸ್ಡ್." ಬ್ಯಾಂಕೇ ಭಾನುವಾರ ಆಗಿಬಿಡ್ತು. "ಸಿನ್ಸ್ ಇಟ್ ವಾಸ್ ಎ ಸಂಡೇ" ಅನ್ನಿ, ಮುಗೀತು. "ಬೀಯಿಂಗ್" ಅಂತ ಶುರುವಾದ ವಾಕ್ಯ ಕಂಡ್ರೆ ನಾನು ಚಪ್ಪಲಿ ಒಳಗೆ ಚೇಳಿದೆಯಾ ಅಂತ ನೋಡೋ ಹಾಗೆ ನೋಡ್ತೀನಿ.

ಇಲ್ಲಿವರೆಗೂ ವಾಕ್ಯದ ತಲೇಲಿ ಕೂರೋ ಬಾಲಗಳಾಯ್ತು. ಇನ್ನು ಕೊನೇಲಿ ಕೂರೋವು.

ನಮ್ಮ ಕಡೆ ಬಾಡಿಗೆ ಮನೆ ಹುಡುಕಿದೋರಿಗೆಲ್ಲ ಗೊತ್ತು, ಈ ಥರ ಟು ಲೆಟ್ ಬೋರ್ಡು ಹೇಗಿರುತ್ತೆ ಅಂತ: "ರೂಮ್ ಫಾರ್ ರೆಂಟ್ ಟು ವೆಜಿಟೇರಿಯನ್ ಫ್ಯಾಮಿಲಿ ವಿತ್ ಅಟ್ಯಾಚ್ಡ್ ಬಾತ್‌ರೂಮ್." ಬಾತ್‌ರೂಮ್ ಜೊತೆಗೇ ಓಡಾಡೋ ಸಸ್ಯಾಹಾರಿ ಕುಟುಂಬ ಬೇಕು. ಕನ್ನಡದಲ್ಲಿ ವಿವರಣೆ ಯಾವಾಗಲೂ ನಾಮಪದದ ಮುಂಚೆ ಬರುತ್ತೆ: "ಅಟ್ಯಾಚ್ಡ್ ಬಾತ್‌ರೂಮ್ ಇರೋ ರೂಮು." ಇಂಗ್ಲಿಷಲ್ಲಿ "ವಿತ್", "ವಿಚ್", "ಹೂ" ಅಂತ ಶುರುವಾಗೋ ವಿವರಣೆ ನಾಮಪದದ ಹಿಂದೆ ಬರುತ್ತೆ. ನಾವು ಏನ್ಮಾಡ್ತೀವಿ, ಮೊದಲು ವಾಕ್ಯ ಮುಗಿಸಿಬಿಡ್ತೀವಿ, ಆಮೇಲೆ ಅಯ್ಯೋ ಬಾತ್‌ರೂಮ್ ವಿಷಯ ಮರೆತೆ ಅಂತ ಕೊನೇಲಿ ಸಿಗಿಸ್ತೀವಿ. ಅಷ್ಟರಲ್ಲಿ ರೂಮು ದೂರ ಹೋಗಿರುತ್ತೆ, ಪಕ್ಕದಲ್ಲಿ ಫ್ಯಾಮಿಲಿ ಇರುತ್ತೆ. "ರೂಮ್ ವಿತ್ ಅಟ್ಯಾಚ್ಡ್ ಬಾತ್‌ರೂಮ್, ಫಾರ್ ರೆಂಟ್ ಟು ವೆಜಿಟೇರಿಯನ್ ಫ್ಯಾಮಿಲಿ" ಅಂದ್ರೆ ಸರಿಹೋಗುತ್ತೆ. ಸಸ್ಯಾಹಾರಿಗಳಿಗೆ ಮಾತ್ರ ಯಾಕೆ ಅನ್ನೋದು ಬೇರೆ ಎಪಿಸೋಡು.

ಕನ್ನಡದಲ್ಲಿ ಈ ಸಮಸ್ಯೆ ಇಲ್ಲವೇ ಇಲ್ಲ ಅಂದ್ಕೋಬೇಡಿ. "ಶುದ್ಧ ಹಸುವಿನ ತುಪ್ಪ" ಅಂತ ಅಂಗಡಿ ಮುಂದೆ ಬರೆದಿರ್ತಾರಲ್ಲ, ಶುದ್ಧವಾಗಿರೋದು ಹಸುನೋ ತುಪ್ಪಾನೋ? "ಹಳೇ ಮೊಬೈಲ್ ಅಂಗಡಿ" ಅಂದ್ರೆ ಅಂಗಡಿ ಹಳೇದಾ, ಮೊಬೈಲ್ ಹಳೇದಾ? "ಹಸುವಿನ ಶುದ್ಧ ತುಪ್ಪ" ಅಂತ ಒಂದು ಪದ ಆಚೀಚೆ ಮಾಡಿದ್ರೆ ಸಾಕಿತ್ತು. ಕೊಳ್ಳೋರಿಗೆ ಹೇಗೂ ಅರ್ಥ ಆಗುತ್ತೆ, ಹಾಗಾಗಿ ಯಾರೂ ಬದಲಾಯಿಸಲ್ಲ.

ಹಾಲಿವುಡ್‌ನಲ್ಲಿ ಇದನ್ನೇ ಬಂಡವಾಳ ಮಾಡ್ಕೊಂಡ ಒಬ್ಬ ಹಾಸ್ಯನಟ ಇದ್ದ, ಗ್ರೌಚೋ ಮಾರ್ಕ್ಸ್. 1930ರ 'ಆ್ಯನಿಮಲ್ ಕ್ರ್ಯಾಕರ್ಸ್' ಸಿನಿಮಾದಲ್ಲಿ ಅವನ ಪಾತ್ರ ಆಫ್ರಿಕಾದ ಬೇಟೆಯ ಕಥೆ ಕೊಚ್ಚುತ್ತೆ. ಒಂದಿನ ಬೆಳಗ್ಗೆ ತನ್ನ ಪೈಜಾಮಾದಲ್ಲೇ ಆನೆ ಹೊಡೆದೆ ಅಂತಾನೆ. ಕೇಳೋರು ಪೈಜಾಮಾ ಹಾಕ್ಕೊಂಡಿದ್ದು ಇವನು ಅಂದ್ಕೊಳ್ಳೋ ಅಷ್ಟರಲ್ಲಿ, ಆ ಆನೆ ನನ್ನ ಪೈಜಾಮಾದೊಳಗೆ ಹೇಗೆ ತೂರಿಕೊಳ್ತೋ ಗೊತ್ತಿಲ್ಲ ಅಂತಾನೆ. ಇಂಗ್ಲಿಷಲ್ಲಿ ಪೈಜಾಮಾ ಅನ್ನೋ ಬಾಲ ಆನೆಯ ಪಕ್ಕದಲ್ಲೇ ಕೂತಿದೆ, ಹಾಗಾಗಿ ಜೋಕು ಪಕ್ಕಾ. ಕನ್ನಡಕ್ಕೆ ತರೋಕೆ ಹೋದ್ರೆ ಸ್ವಲ್ಪ ಪೇಚಾಟ ಆಗುತ್ತೆ, ಗಮನಿಸಿದ್ರಾ? "ಪೈಜಾಮಾ ಹಾಕ್ಕೊಂಡು ಹೊಡೆದೆ" ಅಂದ್ರೆ ನಾನು, "ಪೈಜಾಮಾದಲ್ಲಿದ್ದ ಆನೆ" ಅಂದ್ರೆ ಆನೆ. ನಮ್ಮ ಭಾಷೆ ಮೊದಲೇ ಒಂದನ್ನ ಆರಿಸ್ಕೋ ಅಂತ ಕೇಳಿಬಿಡುತ್ತೆ.

ಇನ್ನು "ಓನ್ಲಿ". ಇದೊಂದು ಪದಕ್ಕೆ ಪೂರ್ತಿ ಎಪಿಸೋಡ್ ಮಾಡಬಹುದು. ನಮ್ಮ ಇಂಗ್ಲಿಷ್ ಕೇಳಿ ಹೊರಗಿನೋರು ನಗೋದು ಇದಕ್ಕೇ: "ಐ ಆಮ್ ಇನ್ ಹಾಸನ್ ಓನ್ಲಿ." ಅದು ಎಲ್ಲಿಂದ ಬಂತು ಅಂತ ನಮಗೆ ಗೊತ್ತು. "ನಾನು ಹಾಸನದಲ್ಲೇ ಇದ್ದೀನಿ." ನಮ್ಮ "ಏ" ಪದದ ಹಿಂದೆ ಅಂಟುತ್ತೆ, "ಮಾತ್ರ" ಕೂಡ ಹಿಂದೇನೇ ಬರುತ್ತೆ. ಇಂಗ್ಲಿಷಿನ "ಓನ್ಲಿ" ಸಾಮಾನ್ಯವಾಗಿ ತಾನು ಹಿಡಿಯಬೇಕಾದ ಪದದ ಮುಂದೆ ನಿಲ್ಲುತ್ತೆ. ಒಂದೇ ವಾಕ್ಯ ತಗೊಳ್ಳಿ: "ಐ ಸೆಂಟ್ ದ ಫೋಟೋ ಟು ಹರ್ ಯೆಸ್ಟರ್ಡೇ." ಶುರುವಲ್ಲೇ "ಓನ್ಲಿ ಐ" ಅಂದ್ರೆ ನಾನೊಬ್ಬನೇ ಕಳಿಸಿದ್ದು, ಬೇರೆ ಯಾರೂ ಕಳಿಸಲಿಲ್ಲ. "ಓನ್ಲಿ ಸೆಂಟ್" ಅಂದ್ರೆ ಕಳಿಸಿದೆ ಅಷ್ಟೇ, ಇನ್ನೇನೂ ಮಾಡಲಿಲ್ಲ. "ಓನ್ಲಿ ದ ಫೋಟೋ" ಅಂದ್ರೆ ಫೋಟೋ ಮಾತ್ರ, ನಂಬರ್ ಕೊಡಲಿಲ್ಲ. "ಓನ್ಲಿ ಟು ಹರ್" ಅಂದ್ರೆ ಅವಳಿಗೆ ಮಾತ್ರ, ಗ್ರೂಪಿಗೆ ಹಾಕಲಿಲ್ಲ. "ಓನ್ಲಿ ಯೆಸ್ಟರ್ಡೇ" ಅಂದ್ರೆ ನಿನ್ನೆಯಷ್ಟೇ. ಇವುಗಳಲ್ಲಿ ಯಾವುದು ಅನ್ನೋದರ ಮೇಲೆ ಒಂದು ಸ್ನೇಹ ಉಳಿಯಬಹುದು, ಇಲ್ಲಾ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬಹುದು. ಮಾತಾಡೋವಾಗ ದನಿ ಎತ್ತಿ ಇಳಿಸಿ ಸರಿ ಮಾಡ್ಕೋತೀವಿ. ಇಂಗ್ಲಿಷ್ ತಾಯ್ನುಡಿಯವರೂ ಮಾತಲ್ಲಿ ಅದನ್ನ ಕ್ರಿಯಾಪದದ ಮುಂದೆ ಸಿಕ್ಕಾಪಟ್ಟೆ ಎಸೀತಾರೆ. ಟೈಪ್ ಮಾಡಿದ ಮೆಸೇಜಿಗೆ ದನಿ ಇಲ್ಲ, ಅದೇ ಕಷ್ಟ.

"ನಿಯರ್ಲಿ", "ಆಲ್ಮೋಸ್ಟ್" ಕೂಡ ಇದೇ ಜಾತಿ. ರೆಸ್ಯೂಮೆಯಲ್ಲಿ "ಐ ನಿಯರ್ಲಿ ಹ್ಯಾಂಡಲ್ಡ್ 200 ಕಾಲ್ಸ್ ಎ ಡೇ" ಅಂತ ಬರೆದ್ರೆ, ಹ್ಯಾಂಡಲ್ ಮಾಡೋದರಲ್ಲಿದ್ದೆ, ಮಾಡಲಿಲ್ಲ ಅಂತಾನೂ ಓದಬಹುದು. "ಹ್ಯಾಂಡಲ್ಡ್ ನಿಯರ್ಲಿ 200 ಕಾಲ್ಸ್" ಅನ್ನಿ. ಇಂಟರ್‌ವ್ಯೂನಲ್ಲಿ ಕೂತೋರು ಒಂದು ಪದದ ಜಾಗಕ್ಕೆ ನಿಮ್ಮನ್ನ ಬಿಟ್ಟುಬಿಡ್ತಾರೆ ಅಂತ ನಾನು ಹೆದರಿಸಲ್ಲ, ಹೆಚ್ಚಿನೋರು ಗಮನಿಸೋದೂ ಇಲ್ಲ. ಆದ್ರೆ ನೀವು ದುಡಿದಿದ್ದು ಕಾಗದದಲ್ಲಿ ಕಮ್ಮಿ ಆಗಬಾರದು, ಅಲ್ವಾ?

ಈಗ ದೊಡ್ಡ ದುಡ್ಡಿನ ಕಥೆ. ಕೆನಡಾದಲ್ಲಿ ರೋಜರ್ಸ್ ಅಂತ ಕೇಬಲ್, ಫೋನ್ ಕಂಪನಿ. ಅದು ಅಲಿಯಂಟ್ ಅನ್ನೋ ಇನ್ನೊಂದು ಫೋನ್ ಕಂಪನಿ ಜೊತೆ 2002ರಲ್ಲಿ ಒಂದು ಒಪ್ಪಂದ ಮಾಡ್ಕೊಳ್ತು, ಕಂಬಗಳ ಮೇಲೆ ತನ್ನ ಕೇಬಲ್ ಎಳೆಯೋಕೆ. ಒಪ್ಪಂದದ ಒಂದು ಸಾಲಿನ ಸಾರಾಂಶ ಹೀಗಿತ್ತು: ಇದು ಐದು ವರ್ಷ ನಡೆಯುತ್ತೆ, ಆಮೇಲೆ ಮತ್ತೆ ಐದೈದು ವರ್ಷ ಮುಂದುವರಿಯುತ್ತೆ, ಒಂದು ವರ್ಷದ ನೋಟಿಸ್ ಕೊಟ್ಟು ನಿಲ್ಲಿಸದ ಹೊರತು. ಈಗ ಹೇಳಿ, ಆ "ನೋಟಿಸ್ ಕೊಟ್ಟು ನಿಲ್ಲಿಸದ ಹೊರತು" ಅನ್ನೋ ಬಾಲ ಯಾವುದಕ್ಕೆ ಸೇರಿದ್ದು? ಆಮೇಲಿನ ಐದೈದು ವರ್ಷಕ್ಕೆ ಮಾತ್ರಾನಾ, ಮೊದಲ ಐದು ವರ್ಷಕ್ಕೂ ಅನ್ವಯಿಸುತ್ತಾ? ಮೊದಲ ಐದು ವರ್ಷ ಕಲ್ಲಿನ ಮೇಲೆ ಕೆತ್ತಿದ ಹಾಗೆ ಅಂತ ರೋಜರ್ಸ್ ನಂಬಿತ್ತು. ಅಲಿಯಂಟ್ ನಡುವೆಯೇ ನೋಟಿಸ್ ಕೊಡ್ತು. ಜಗಳ ಅಲ್ಲಿನ ಟೆಲಿಕಾಂ ನಿಯಂತ್ರಣ ಆಯೋಗದ ಮುಂದೆ ಹೋಯ್ತು.

2006ರಲ್ಲಿ ಆಯೋಗ ಇಂಗ್ಲಿಷ್ ವಾಕ್ಯವನ್ನ ಮುಂದಿಟ್ಕೊಂಡು ನೋಡ್ತು. ಆ ಬಾಲದ ಮುಂಚೆ ಒಂದು ಕಾಮಾ ಇದೆ. ಕಾಮಾ ಇರೋದರಿಂದ ಬಾಲ ಪಕ್ಕದ ಮಾತಿಗೆ ಮಾತ್ರ ಅಲ್ಲ, ಹಿಂದಿನ ಎರಡಕ್ಕೂ ಸೇರುತ್ತೆ, ಮೊದಲ ಐದು ವರ್ಷದಲ್ಲೂ ನಿಲ್ಲಿಸಬಹುದು ಅಂತ ಅಲಿಯಂಟ್ ಕಡೆಗೆ ಹೇಳ್ತು. ಒಂದು ಕಾಮಾ! ಲಕ್ಷಾಂತರ ಡಾಲರ್ ವಿಷಯ. ಪತ್ರಿಕೆಗಳಿಗೆಲ್ಲ ಹಬ್ಬ. ರೋಜರ್ಸ್ ಸುಮ್ಮನಾಗಲಿಲ್ಲ. ಕೆನಡಾದಲ್ಲಿ ಇಂಗ್ಲಿಷ್, ಫ್ರೆಂಚ್ ಎರಡೂ ಅಧಿಕೃತ ಭಾಷೆ. ಈ ಮಾದರಿ ಒಪ್ಪಂದಕ್ಕೆ ಒಂದು ಫ್ರೆಂಚ್ ರೂಪವೂ ಇತ್ತು. ಅದನ್ನ ತಂದು ಇಟ್ರು. ಫ್ರೆಂಚಲ್ಲಿ ಗೊಂದಲಕ್ಕೆ ಜಾಗವೇ ಇರಲಿಲ್ಲ, ಮೊದಲ ಅವಧಿ ಮುಗಿಯೋ ತನಕ ನಿಲ್ಲಿಸೋ ಹಾಗಿಲ್ಲ ಅಂತ ಸ್ಪಷ್ಟವಾಗಿತ್ತು. 2007ರಲ್ಲಿ ಆಯೋಗ ತನ್ನ ಮೊದಲಿನ ಅರ್ಥವನ್ನ ವಾಪಸ್ ತಗೊಳ್ತು.

ಇದನ್ನ ಓದಿದಾಗ ನನಗೆ ನನ್ನ ಗೂಡ್ಸ್ ಆಟೋ ನೆನಪಾಯ್ತು. ಹೌದು, ಕ್ಲೇಮ್ ಕಥೆ ಬಾಕಿ ಇದೆಯಲ್ಲ. ಫೋನ್ ಮಾಡಿದವರು, ನೀವು ಪೊಲೀಸರಿಗೆ ಕೊಟ್ಟ ದೂರಿನ ಕಾಪಿ ಇದ್ರೆ ಕಳಿಸಿ ಅಂದಿದ್ರು. ಆ ದೂರು ಕನ್ನಡದಲ್ಲಿತ್ತು. ಸ್ಟೇಷನ್ನಲ್ಲಿ ಒಬ್ಬ ಪೇದೆ ನಾನು ಹೇಳಿದ್ದನ್ನ ಕೇಳ್ಕೊಂಡು, ತಮ್ಮ ಎಂದಿನ ಶೈಲೀಲಿ ಬರೆದಿದ್ರು: "ಎದುರಿನಿಂದ ರಾಂಗ್ ಸೈಡಿನಲ್ಲಿ ಅತಿವೇಗ ಹಾಗೂ ಅಜಾಗರೂಕತೆಯಿಂದ ಬಂದ ಗೂಡ್ಸ್ ಆಟೋದ ಚಾಲಕನು ನನ್ನ ಬೈಕಿಗೆ ಡಿಕ್ಕಿ ಹೊಡೆದಿರುತ್ತಾನೆ." ಅವತ್ತು ಆ "ಹೊಡೆದಿರುತ್ತಾನೆ" ಓದಿ ಒಳಗೊಳಗೇ ನಕ್ಕಿದ್ದೆ. ಆದ್ರೆ ನೋಡಿ, "ಬಂದ" ಅನ್ನೋ ಪದ ಆಟೋಗೆ ಫೆವಿಕಾಲ್ ಹಾಕಿದ ಹಾಗೆ ಅಂಟಿದೆ. ಯಾವ ವಕೀಲ ಬಂದ್ರೂ ಅದನ್ನ ಕಿತ್ತು ನನಗೆ ಅಂಟಿಸೋಕಾಗಲ್ಲ. ಆ ಕಾಪಿ ಹೋದ ಮೇಲೆ, ಇನ್ನೊಂದು ವಿವರಣೆ ಬರೆಸಿಕೊಂಡು, ಸುಮಾರು ದಿನ ಅಲೆಸಿ, ಕೊನೆಗೆ ದುಡ್ಡು ಬಂತು. ಎರಡನೇ ವಿವರಣೇಲಿ ನಾನು ಐಎನ್‌ಜಿ ಹತ್ತಿರಕ್ಕೂ ಹೋಗಲಿಲ್ಲ. "ಎ ಗೂಡ್ಸ್ ಆಟೋ ಕೇಮ್ ಆನ್ ದ ರಾಂಗ್ ಸೈಡ್. ಇಟ್ ಹಿಟ್ ಮೈ ಬೈಕ್." ನಾಲ್ಕನೇ ಕ್ಲಾಸ್ ಹುಡುಗ ಬರೆದ ಹಾಗಿತ್ತು. ಪಾಸಾಯ್ತು.

ಕೊನೆಗೆ ಕೆಲವು ವಾಯ್ಸ್ ನೋಟುಗಳು. ಈ ವಿಷಯ ಮಾಡ್ತೀವಿ ಅಂತ ಹೋದ ವಾರ ಹೇಳಿದ್ದಕ್ಕೆ ಒಬ್ಬ ಕೇಳುಗರು ಕೇಳಿದ್ದಾರೆ: "ಹಾಗಾದ್ರೆ 'ಕನ್ಸಿಡರಿಂಗ್ ದ ಟ್ರಾಫಿಕ್, ದ ಬಸ್ ಕೇಮ್ ಅರ್ಲಿ' ಅನ್ನೋದೂ ತಪ್ಪಾ? ಬಸ್ಸು ಟ್ರಾಫಿಕ್ ಬಗ್ಗೆ ಯೋಚಿಸ್ತಾ?" ಒಳ್ಳೇ ಪ್ರಶ್ನೆ. ತಪ್ಪಲ್ಲ. "ಕನ್ಸಿಡರಿಂಗ್", "ರಿಗಾರ್ಡಿಂಗ್", "ಡಿಪೆಂಡಿಂಗ್ ಆನ್", "ಜನರಲಿ ಸ್ಪೀಕಿಂಗ್", ಇವೆಲ್ಲ ಬಳಸಿ ಬಳಸಿ ತಮ್ಮ ಕ್ರಿಯಾಪದದ ಕೆಲಸ ಬಿಟ್ಟು ರಿಟೈರ್ ಆಗಿವೆ. ನಮ್ಮ "ಬಗ್ಗೆ", "ಕುರಿತು" ಥರ. "ಕುರಿತು" ಅನ್ನೋದೂ ಒಂದು ಕಾಲಕ್ಕೆ ಕ್ರಿಯಾಪದದಿಂದಲೇ ಬಂದಿದ್ದು, ಈಗ ಯಾರು ಕುರಿತರು ಅಂತ ಯಾರೂ ಕೇಳಲ್ಲ.

ಇನ್ನೊಬ್ಬರು ಕಾಲೇಜಲ್ಲಿ ಓದ್ತಿರೋರು, ಲ್ಯಾಬ್ ರೆಕಾರ್ಡಲ್ಲಿ "ಯೂಸಿಂಗ್ ಎ ಥರ್ಮಾಮೀಟರ್, ದ ಟೆಂಪರೇಚರ್ ವಾಸ್ ಮೆಷರ್ಡ್" ಅಂತಾನೇ ಬರೀಬೇಕು, "ಐ" ಹಾಕಿದ್ರೆ ಮಾರ್ಕ್ಸ್ ಕಟ್ ಅಂದಿದ್ದಾರೆ. ಗೊತ್ತು. ಕಟ್ಟುನಿಟ್ಟಾಗಿ ನೋಡಿದ್ರೆ ಉಷ್ಣಾಂಶವೇ ಥರ್ಮಾಮೀಟರ್ ಹಿಡ್ಕೊಂಡಿದೆ. ಆದ್ರೂ ವಿಜ್ಞಾನದ ಬರಹದಲ್ಲಿ ಇದು ಎಷ್ಟು ಓಡಾಡುತ್ತೆ ಅಂದ್ರೆ ಓದೋರಿಗೆ ತಟ್ಟಲ್ಲ. ಬೇಡ ಅನ್ಸಿದ್ರೆ "ದ ಟೆಂಪರೇಚರ್ ವಾಸ್ ಮೆಷರ್ಡ್ ವಿತ್ ಎ ಥರ್ಮಾಮೀಟರ್" ಅಂತ ಬರೀರಿ, "ಐ" ಇಲ್ಲದೇನೇ ಮಾರ್ಕ್ಸೂ ಉಳಿಯುತ್ತೆ.

ಮೂರನೆಯವರದ್ದು ಪ್ರಶ್ನೆ ಅಲ್ಲ, ವಾದ. ದೊಡ್ಡ ದೊಡ್ಡವರೇ ಹೀಗೆ ಬರೆದಿದ್ದಾರೆ, ನಮಗ್ಯಾಕೆ ಈ ಕಾಟ ಅಂತ. ಒಪ್ತೀನಿ. ಷೇಕ್ಸ್‌ಪಿಯರ್ ಬರೆದಿದ್ದಾನೆ! 'ಹ್ಯಾಮ್ಲೆಟ್' ನಾಟಕದ ಮೊದಲ ಅಂಕದಲ್ಲಿ ಸತ್ತ ರಾಜನ ದೆವ್ವ ಬಂದು, ನಾನು ತೋಟದಲ್ಲಿ ಮಲಗಿದ್ದಾಗ ಹಾವು ಕಚ್ಚಿತು ಅಂತ ಊರಲ್ಲಿ ಸುದ್ದಿ ಹಬ್ಬಿಸಿದ್ದಾರೆ ಅಂತ ಹೇಳುತ್ತೆ. ಮೂಲದ ಸಾಲಲ್ಲಿ "ಸ್ಲೀಪಿಂಗ್" ಅನ್ನೋ ಬಾಲ ರಾಜನದ್ದು, ವಾಕ್ಯದ ಕರ್ತೃ ಹಾವು. ಇವತ್ತಿನ ಮೇಷ್ಟ್ರು ಕೆಂಪು ಪೆನ್ನಲ್ಲಿ ಗೆರೆ ಎಳೀತಾರೆ, ಮಲಗಿದ್ದ ಹಾವು ಹೇಗೆ ಕಚ್ಚುತ್ತೆ ಅಂತ. ಆದ್ರೆ ನಾಟಕ ನೋಡೋರಿಗೆ ಯಾವ ಗೊಂದಲವೂ ಆಗಲ್ಲ, ಮಲಗಿದ್ದು ಯಾರು ಅಂತ ಗೊತ್ತು. ರಾಜ ಇನ್ಶೂರೆನ್ಸ್ ಕ್ಲೇಮ್ ಮಾಡ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಹೋಗೋ ಮುಂಚೆ ಒಂದು ವಾಕ್ಯ ಕೊಡ್ತೀನಿ. "ಸ್ಟೂಡೆಂಟ್ಸ್ ಹೂ ಪ್ರ್ಯಾಕ್ಟೀಸ್ ಸ್ಪೀಕಿಂಗ್ ಆಫನ್ ಗೆಟ್ ಜಾಬ್ಸ್." ಇದರಲ್ಲಿ "ಆಫನ್" ಯಾರ ಕಡೆ? ಆಗಾಗ ಪ್ರ್ಯಾಕ್ಟೀಸ್ ಮಾಡೋದಾ, ಆಗಾಗ ಕೆಲಸ ಸಿಗೋದಾ? ಎರಡೂ ಕಡೆ ಕಣ್ಣು ಹಾಕೋದರಿಂದ ಇಂಥದ್ದಕ್ಕೆ ಮೆಳ್ಳೆಗಣ್ಣಿನ ಮಾಡಿಫೈಯರ್ ಅಂತಾನೇ ಹೆಸರು. ಒಂದೇ ಒಂದು ಪದದ ಜಾಗ ಬದಲಾಯಿಸಿ ಎರಡು ಬೇರೆ ಬೇರೆ ವಾಕ್ಯ ಮಾಡಿ, ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಕೆಲವನ್ನ ಇಲ್ಲೇ ಕೇಳಿಸ್ತೀನಿ. ರಾಂಗ್ ಸೈಡಲ್ಲಿ ಬರಬೇಡಿ. ನಮಸ್ಕಾರ.